ಮೂರು ಸಲ ಎದ್ದು ಬಂದ ಕ್ಯಾಪು

"ಪುನಃ ಬಂತಲ್ಲ ಡಾಕ್ಟ್ರೇ!" ಬದಿಯಡ್ಕ ಕಡೆಯ ಅಡಿಕೆ ಕೃಷಿಕರೊಬ್ಬರು ಕಾಗದದ ಪೊಟ್ಟಣ ಬಿಚ್ಚಿ ಹಲ್ಲಿನ ಕ್ಯಾಪನ್ನು, ಜಿರ್ಕೋನಿಯ ಎಂಬ ಗಟ್ಟಿ ಬಿಳಿ ಪಿಂಗಾಣಿಯದ್ದು, ನನ್ನ ಮೇಜಿನ ಮೇಲಿಟ್ಟದ್ದು ಅದು ಮೂರನೆಯ ಸಲ. ಈ ಸಲದ ಕಾರಣ ಹಲಸಿನ ಹಲ್ವ.

"ಜಿರ್ಕೋನಿಯಕ್ಕೆ ರೆಸಿನ್ ಸಿಮೆಂಟ್ ಅಂಟುವುದಿಲ್ಲ, ಗ್ಲಾಸ್ ಅಯೊನೊಮರ್ ಸಿಮೆಂಟ್ ಹಾಕಿ ಕೂರಿಸು ಮಾರಾಯ" ಎಂದು ಕಾಸರಗೋಡಿನ ಸ್ನೇಹಿತನೊಬ್ಬ ಮೊದಲೇ ಹೇಳಿದ್ದ. ಹಲ್ಲಿಗೆ ಎತ್ತರವಿದ್ದರೆ ಅದೂ ಸರಿಯೇ. ಇವರ ಕೊನೆಯ ದವಡೆಹಲ್ಲನ್ನು ಕ್ಯಾಪಿಗೆಂದು ತೇದ ಮೇಲೆ ಉಳಿದದ್ದು ಸುಮಾರು ಮೂರು ಮಿಲ್ಲಿಮೀಟರ್. ಕ್ಯಾಪಿಗೆ ಹಿಡಿಯಲು ಗೋಡೆಯೇ ಇಲ್ಲ.

ಮೂರು ಸಲವೂ ಸಿಮೆಂಟ್ ಹಲ್ಲಿನ ಮೇಲೆಯೇ ಗಟ್ಟಿಯಾಗಿ ಕೂತಿತ್ತು, ಕ್ಯಾಪಿನ ಒಳಗೆ ತೊಳೆದಿಟ್ಟ ಬಟ್ಟಲಿನ ಹಾಗೆ ನುಣುಪು. ಸಿಮೆಂಟನ್ನು ಬೈದು ಪ್ರಯೋಜನವಿಲ್ಲ, ದೋಷ ನನ್ನ ಕ್ಯಾಪಿನ ಒಳಮೈಯಲ್ಲಿ.

ಮೊದಲ ಸಲ ಮಾಡಿದ್ದು ಶುದ್ಧ ದಡ್ಡತನ. ಗಾಜು ಬೆರೆತ ಪಿಂಗಾಣಿಯಾದ ಲಿಥಿಯಂ ಡೈಸಿಲಿಕೇಟಿಗೆ 20 ಸೆಕೆಂಡ್ ಹಾಕುವ 5 ಶೇಕಡದ ಹೈಡ್ರೋಫ್ಲೋರಿಕ್ ಆಸಿಡನ್ನೇ ಇದಕ್ಕೂ ಹಾಕಿ, ಮೇಲೆ ಗಾಜಿಗೆ ರೆಸಿನ್ ಹಿಡಿಸುವ ಸೈಲೇನ್ ಬಳಿದೆ. ಒಳಮೈ ಮಬ್ಬಾಗಲೇ ಇಲ್ಲ. ಜಿರ್ಕೋನಿಯದಲ್ಲಿ ಕರಗಲಿಕ್ಕೆ ಗಾಜೇ ಇಲ್ಲವಲ್ಲ! ಎರಡು ತಿಂಗಳು ನಿಂತಿತು. ಎರಡನೆಯ ಸಲ ಜಿರ್ಕೋನಿಯಕ್ಕೆ ರೆಸಿನ್ ಹಿಡಿಸುವ ದ್ರವ, ಎಂಡಿಪಿ ಪ್ರೈಮರ್ ತಂದೆ, ಐದು ಮಿಲ್ಲಿಯ ಬಾಟಲಿಗೆ ಐದು ಸಾವಿರದ ಹತ್ತಿರ. ಆದರೆ ಬಾಯಿಗೆ ಹಾಕಿ ನೋಡಿ ಜೊಲ್ಲಾದ ಕ್ಯಾಪನ್ನು ಫಾಸ್ಫೋರಿಕ್ ಆಸಿಡ್ ಜೆಲ್‌ನಲ್ಲಿ ತೊಳೆದುಬಿಟ್ಟೆ. ಎಂಡಿಪಿ ಕೂರಬೇಕಾದ ಜಾಗದಲ್ಲಿ ಆ ಫಾಸ್ಫೇಟ್ ಹೋಗಿ ಕೂತಿತು. ಮೂರೇ ವಾರ.

ಮೂರನೆಯದು ಆಟಿ ತಿಂಗಳ ಮಳೆಯಲ್ಲಿ. ಏಳೆಂಟು ಸಾವಿರ ಕೊಟ್ಟು, ಗಾಳಿಯಲ್ಲಿ ಪುಡಿ ಊದಿ ಒಳಮೈ ಒರಟು ಮಾಡುವ ಸಣ್ಣ ಸ್ಯಾಂಡ್‌ಬ್ಲಾಸ್ಟರ್ ತಂದೆ. ಪುಡಿ ಗಂಟುಗಟ್ಟಿ ತೂತಿನಲ್ಲಿ ಸಿಕ್ಕಿಬೀಳುತ್ತಿತ್ತು, ಬಂದಷ್ಟು ಬರಲಿ ಎಂದು ಊದಿದೆ. ಆಮೇಲೆ ಕಂಪ್ರೆಸರ್ ಟ್ಯಾಂಕಿನ ಅಡಿಯ ತಿರುಪು ಬಿಚ್ಚಿದರೆ ಎರಡು ಚೆಂಬು ನೀರು, ಕಂದು ಬಣ್ಣದ್ದು! ಪುಡಿ ಗಂಟುಗಟ್ಟಿದ್ದು ಇದರಿಂದ. ಸಾವಿರ ಚಿಲ್ಲರೆಗೆ ನೀರು ಹಿಡಿಯುವ ಫಿಲ್ಟರ್ ಹಾಕಿಸಿದೆ. ಈಗ ದಿನಾ ಬೆಳಿಗ್ಗೆ ಮೊದಲ ಕೆಲಸ ಟ್ಯಾಂಕಿನ ನೀರು ಬಿಡುವುದು.

ನಾಲ್ಕನೆಯ ಸಲ, ಬಾಯಲ್ಲಿ ನೋಡುವುದೆಲ್ಲ ಮುಗಿದ ಮೇಲೆ, ಕ್ಯಾಪಿನ ಒಳಗೆ ಮಾರ್ಕರ್ ಪೆನ್ನಲ್ಲಿ ಗೀಚಿ, 50 ಮೈಕ್ರಾನ್ ಅಲ್ಯುಮಿನ ಪುಡಿ, ಎರಡು ಬಾರ್ ಒತ್ತಡ, ಒಂದು ಬೆರಳಗಲ ದೂರದಿಂದ ಊದಿದೆ. ಮಸಿ ಪೂರ್ತಿ ಹೋಗುವವರೆಗೆ, ಅಂದಾಜು ಹದಿನೈದು ಸೆಕೆಂಡ್. ಮೂಲೆಗಳಲ್ಲಿ ಮಸಿ ಉಳಿಯುತ್ತದೆ, ನೋಡಿಕೊಳ್ಳಿ. ಮತ್ತೆ ಪ್ರೈಮರ್, ರೆಸಿನ್ ಸಿಮೆಂಟ್. ನಾಲಿಗೆ ಬದಿಯ ಜೊಲ್ಲು ತಡೆಯಲಿಕ್ಕೆ ನನ್ನದೊಂದು ಉಪಾಯ ಉಂಟು. ಅದು ಕ್ಲಿನಿಕ್ಕಿಗೆ ಬಂದವರಿಗೆ ಮಾತ್ರ.

ಇದರ ನಡುವೆ ಲ್ಯಾಬಿನಿಂದ ಜಿರ್ಕೋನಿಯ ಚೂರುಗಳನ್ನು ಬೇಡಿ ತಂದು, ಜೋಡಿ ಜೋಡಿಯಾಗಿ ಅಂಟಿಸಿ, ಬಿಸಿನೀರಿಗೂ ಐಸ್ ನೀರಿಗೂ ಮುಳುಗಿಸಿ ತೆಗೆಯುತ್ತಿದ್ದೆ. ಅಡುಗೆಮನೆಯ ಎರಡು ಚೆಂಬು ಹೋದವೆಂದು ಮನೆಯಲ್ಲಿ ರಂಪ. ಆಸಿಡ್ ಹಾಕಿದ ಜೋಡಿ ಮರುದಿನವೇ ಬಿಟ್ಟಿತು. ಬ್ಲಾಸ್ಟ್ ಮಾತ್ರ ಮಾಡಿದ್ದು ವಾರದ ಮೇಲೆ ಉಗುರಿಗೇ ಎದ್ದಿತು. ಬ್ಲಾಸ್ಟ್, ಪ್ರೈಮರ್ ಎರಡೂ ಮಾಡಿದ್ದಕ್ಕೆ ಇಕ್ಕಳ ಬೇಕಾಯಿತು.

ಆ ಕ್ಯಾಪಿಗೆ ಎರಡು ಆಟಿ ಕಳೆಯಿತು, ಹಲ್ವ ತಿನ್ನುವುದನ್ನು ಅವರು ಬಿಟ್ಟಿಲ್ಲ. ಅಂಟುವುದೇ ಇಲ್ಲ ಎಂದಿದ್ದ ಸ್ನೇಹಿತ ಈಗ ತನ್ನ ಕ್ಯಾಪುಗಳನ್ನು ಬಸ್ಸಿನಲ್ಲಿ ಕಳಿಸುತ್ತಾನೆ, ಬ್ಲಾಸ್ಟ್ ಮಾಡಿಕೊಡು ಎಂದು. ಪುಡಿಯ ದುಡ್ಡು ಇನ್ನೂ ಬಂದಿಲ್ಲ.