ಗೋಡೆ ತೆಗೆದೆ, ಒಲೆಯ ಮೂಲೆ ಬಿಟ್ಟೆ

ಬಾಗಲಕೋಟೆಯ ನವನಗರದಲ್ಲಿ ಮುಳುಗಡೆ ಪರಿಹಾರದ ದುಡ್ಡಿನಲ್ಲಿ ಅಪ್ಪ ಕಟ್ಟಿಸಿದ ಮನೆ ನಮ್ಮದು. ಹಾಲ್, ಊಟದ ಕೋಣೆ, ಅಡುಗೆಮನೆ ಒಂದರ ಹಿಂದೊಂದು. ನಡುವಿನ ಕೋಣೆಗೆ ಹಗಲಲ್ಲೂ ಲೈಟ್ ಬೇಕು. ಕಟ್ಟಡ ಕೆಲಸವೇ ನನ್ನ ಕಸುಬು, ಮೂರನ್ನೂ ಒಂದು ಮಾಡಲು ನಾನೇ ನಿಂತೆ.

ಹಾಲ್ ಮತ್ತು ಊಟದ ಕೋಣೆಯ ನಡುವಿನದು 9 ಇಂಚಿನ ಗೋಡೆ. ಕಂಬ, ಬೀಮು ಇಲ್ಲದ ಮನೆ, ಸ್ಲ್ಯಾಬ್ ಕೂತಿರುವುದೇ ಅದರ ಮೇಲೆ. ಎರಡೂ ಬದಿಗೆ ಜಾಕ್ ಕೊಟ್ಟು ಸ್ಲ್ಯಾಬ್ ಹಿಡಿಸಿದ ಮೇಲೆಯೇ ಗೋಡೆ ಬಿಚ್ಚಿಸಿದೆ. ತುದಿಗಳಲ್ಲಿ ಕಾಂಕ್ರೀಟ್ ಬ್ಲಾಕ್, ಅದರ ಮೇಲೆ ಕಬ್ಬಿಣದ ಐ-ಬೀಮ್. ಬೀಮಿನ ಸೈಜ್ ಸ್ಟ್ರಕ್ಚರಲ್ ಎಂಜಿನಿಯರ್ ಲೆಕ್ಕ ಹಾಕಿಯೇ ಹೇಳಬೇಕು, ಮೇಸ್ತ್ರಿಯ ಅಂದಾಜಿಗೆ ಬಿಡುವ ಮಾತಲ್ಲ. ಬೀಮಿಗೂ ಸ್ಲ್ಯಾಬಿಗೂ ನಡುವಿನ ಸಂದಿಗೆ ಗ್ರೌಟ್, ಅಂದರೆ ಒಣಗಿದರೂ ಕುಗ್ಗದ ಸಿಮೆಂಟ್ ಗಾರೆ, ತುಂಬಿ, ಅದು ಗಟ್ಟಿಯಾಗುವ ತನಕ ಜಾಕ್ ಮುಟ್ಟಗೊಡಲಿಲ್ಲ.

ಅಡುಗೆಮನೆಯದು ನಾಲ್ಕೂವರೆ ಇಂಚಿನ ಮರೆಗೋಡೆ, ಭಾರವೇನೂ ಹೊತ್ತಿರಲಿಲ್ಲ. ಕೆಲಸ ನಿಂತದ್ದು ಅಲ್ಲೇ. "ಮಂದಿ ಬಂದು ಕುಂತಾಗ ಅವರ ಎದುರಿಗೇ ರೊಟ್ಟಿ ಬಡೀಲೇನ?" ಅಂದಳು ಅವ್ವ. ನಾಚಿಕೆಯ ಮಾತು ಹಾಗಿರಲಿ, ಲೆಕ್ಕವೂ ಅವಳದೇ ಸರಿ. ಜೋಳದ ರೊಟ್ಟಿ ಎಂದರೆ ಸಪ್ಪಳ, ಹಿಟ್ಟಿನ ದೂಳು, ದೊಡ್ಡ ಉರಿ. ಹಾಲಿನ ಫ್ಯಾನ್ ಹಚ್ಚಿದರೆ ಹಿಟ್ಟು ಹಾರುತ್ತದೆ. ಕೂಲರ್ ಗಾಳಿ ನೇರ ಒಲೆಗೆ ಬಿದ್ದರೆ ಉರಿ ಒಂದು ಕಡೆ ವಾಲಿ ರೊಟ್ಟಿ ಅರ್ಧ ಹಸಿ ಉಳಿಯುತ್ತದೆ. ಫೋಟೋದಲ್ಲಿ ಕಾಣುವ ಓಪನ್ ಕಿಚನ್‌ಗಳಲ್ಲಿ ಯಾರೂ ಮೆಣಸಿನಕಾಯಿ ಹುರಿದಂತೆ ಕಾಣೆ!

ಹಾಗಾಗಿ ಒಲೆಯ ಮೂಲೆಯಲ್ಲಿ ಗೋಡೆಯನ್ನು ಪೂರ್ತಿ ಉಳಿಸಿದೆ. ಮಿಕ್ಕ ಕಡೆ ಕಟ್ಟೆಯ ಎತ್ತರಕ್ಕೆ ಇಳಿಸಿ, ಮೇಲೆ ಸರಿಸುವ ಗಾಜು. ಹಿತ್ತಲ ಗೋಡೆಗೆ ಎಕ್ಸಾಸ್ಟ್ ಫ್ಯಾನ್, ಬೀದಿ ಬದಿಯ ಕಿಟಕಿಗೆ ಕೂಲರ್. ಕೂಲರ್ ತಳ್ಳಿದ ಗಾಳಿಗೆ ಹೊರಹೋಗಲು ದಾರಿ ಇಲ್ಲದಿದ್ದರೆ ತೇವ ತುಂಬಿ ಮೈ ಅಂಟುತ್ತದೆ, ಮುಂಚಿನ ಕೋಣೆಗಳಲ್ಲಿ ಅದೇ ಗೋಳು. ಈಗ ಗಾಳಿ ಹಾಲಿನಿಂದ ಅಡುಗೆಮನೆ ದಾಟಿ ಹಿತ್ತಲಿಗೆ ಹೋಗುತ್ತದೆ, ಒಗ್ಗರಣೆಯ ಘಾಟೂ ಅದರ ಜೊತೆಗೇ. ಏಸಿ ಹಾಕುವವರು ಇಷ್ಟು ಜಾಗ ತೆರೆಯುವ ಮುನ್ನ ಕರೆಂಟ್ ಬಿಲ್ ನೆನೆಯಲಿ.

ಗೋಡೆ ಹೋದ ಮೇಲೆ ಟೀವಿ ಸದ್ದು ಖಾಲಿ ಫರಸಿಗೆ ಬಡಿದು ಗುಂಯ್‌ಗುಡತೊಡಗಿತು. ಟೀವಿ ಎದುರಿನ ಗೋಡೆಗೆ ಎರಡು ದಪ್ಪ ಕೌದಿ ತೂಗುಹಾಕಿ, ಕೆಳಗೆ ಜಮಖಾನೆ ಹಾಸಿದೆ. ಸಾಕಷ್ಟು ತಗ್ಗಿತು. ಮಿಕ್ಸರ್ ಮಾತ್ರ ಯಾವುದಕ್ಕೂ ಬಗ್ಗಲಿಲ್ಲ, ಅದಕ್ಕೆ ಹಿತ್ತಲ ಕಟ್ಟೆಯ ಮೇಲೊಂದು ಪ್ಲಗ್ ಪಾಯಿಂಟ್ ಕೊಡಿಸಿದೆ.