ವಯಸ್ಸಾದವರಲ್ಲಿ ಮರುಕಳಿಸುವ ಮೂತ್ರದ ಸೋಂಕು: ಕಲ್ಚರ್ ವರದಿ ಮತ್ತು ಮಾತ್ರೆಗಳ ಪಟ್ಟಿಯನ್ನು ಒಟ್ಟಿಗೆ ನೋಡುವ ಕ್ರಮ

ವಯಸ್ಸಾದ ತಾಯಿಗೋ ತಂದೆಗೋ 6 ತಿಂಗಳಲ್ಲಿ 2 ಬಾರಿ, ಇಲ್ಲವೇ ಒಂದು ವರ್ಷದಲ್ಲಿ 3 ಬಾರಿ ಮೂತ್ರದ ಸೋಂಕು ಬಂದರೆ ವೈದ್ಯರು ಅದನ್ನು ಮರುಕಳಿಸುವ ಸೋಂಕು ಎಂದು ಪರಿಗಣಿಸುತ್ತಾರೆ. ಆ ಹಂತ ತಲುಪಿದ ಮೇಲೆ, ಉರಿ ಕಾಣಿಸಿದಾಗಲೆಲ್ಲ ಹಳೆಯ ಚೀಟಿ ಹಿಡಿದು ಔಷಧಿ ಅಂಗಡಿಗೆ ಹೋಗುವ ಅಭ್ಯಾಸವನ್ನು ನಿಲ್ಲಿಸಲೇಬೇಕು. ಬಿಪಿ, ಸಕ್ಕರೆ ಕಾಯಿಲೆ, ಹೃದಯ ಇತ್ಯಾದಿಗಳಿಗಾಗಿ ಈಗಾಗಲೇ ಹಲವು ಮಾತ್ರೆಗಳನ್ನು ನುಂಗುತ್ತಿರುವವರ ವಿಷಯದಲ್ಲಿ ಇದು ಇನ್ನೂ ಮುಖ್ಯ. ಏಕೆಂದರೆ ಆ ಮಾತ್ರೆಗಳಲ್ಲಿ ಕೆಲವು ಸೋಂಕಿಗೆ ದಾರಿ ಮಾಡಿಕೊಡುತ್ತವೆ, ಇನ್ನು ಕೆಲವು ಸೋಂಕಿಗೆ ಕೊಡುವ ಆ್ಯಂಟಿಬಯಾಟಿಕ್‌ನೊಂದಿಗೆ ಸೇರಿ ಅಪಾಯ ತರುತ್ತವೆ. ಮೂತ್ರದ ಕಲ್ಚರ್ ವರದಿ (ಮೂತ್ರದಲ್ಲಿ ಯಾವ ಬ್ಯಾಕ್ಟೀರಿಯಾ ಬೆಳೆಯುತ್ತದೆ, ಅದು ಯಾವ ಔಷಧಿಗೆ ಬಗ್ಗುತ್ತದೆ ಎಂದು ತೋರಿಸುವ ಪರೀಕ್ಷೆಯದು) ಮತ್ತು ಮಾತ್ರೆಗಳ ಪೂರ್ಣ ಪಟ್ಟಿ ಎರಡೂ ಒಂದೇ ಸಮಯದಲ್ಲಿ ಒಬ್ಬರೇ ವೈದ್ಯರ ಕಣ್ಣಿಗೆ ಬೀಳುವಂತೆ ಮಾಡುವುದೇ ಮಕ್ಕಳಾದ ನಾವು ಮಾಡಬಹುದಾದ ಅತ್ಯಂತ ಉಪಯುಕ್ತ ಕೆಲಸ.

ಮೊದಲು ತಿಳಿಯಬೇಕಾದದ್ದು, ಬಂದಿರುವುದು ನಿಜವಾಗಿಯೂ ಸೋಂಕೇ ಎಂಬುದು. ಮೂತ್ರ ಮಾಡುವಾಗ ಉರಿ, ಪದೇ ಪದೇ ಅವಸರ, ಹೊಸದಾಗಿ ಹಿಡಿತ ತಪ್ಪುವುದು, ಕಿಬ್ಬೊಟ್ಟೆಯ ನೋವು, ಮೂತ್ರದಲ್ಲಿ ರಕ್ತ, ಜ್ವರ ಇವು ಸೋಂಕಿನ ಲಕ್ಷಣಗಳು. ವಯಸ್ಸಾದ ಅನೇಕರ ಮೂತ್ರದಲ್ಲಿ ಯಾವ ತೊಂದರೆಯನ್ನೂ ಕೊಡದೆ ಬ್ಯಾಕ್ಟೀರಿಯಾಗಳು ಇದ್ದೇ ಇರುತ್ತವೆ. ಲಕ್ಷಣವಿಲ್ಲದೆ ವರದಿಯಲ್ಲಿ ಮಾತ್ರ ಬ್ಯಾಕ್ಟೀರಿಯಾ ಕಂಡರೆ ಸಾಮಾನ್ಯವಾಗಿ ಔಷಧಿ ಬೇಕಿಲ್ಲ. ಕೊಟ್ಟರೆ ಲಾಭವಿಲ್ಲ, ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾಗಳು ಉಳಿದುಕೊಳ್ಳುವ ಹಾನಿ ಮಾತ್ರ ಉಂಟು. ಮೂತ್ರದ ವಾಸನೆ ಕಟುವಾಗಿದೆ, ಬಣ್ಣ ಗಾಢವಾಗಿದೆ ಎಂಬುದಷ್ಟೇ ಸೋಂಕಿನ ಸಾಕ್ಷಿಯಲ್ಲ. ಹಲವು ಸಲ ಅದು ನೀರು ಕಡಿಮೆಯಾದುದರ ಗುರುತು.

ಇದ್ದಕ್ಕಿದ್ದಂತೆ ಗೊಂದಲ, ಅಸಂಬದ್ಧ ಮಾತು, ಅತಿಯಾದ ಮಂಪರು ಕಾಣಿಸಿದಾಗ ಎಲ್ಲರೂ ಮೂತ್ರದ ಸೋಂಕನ್ನೇ ನೆನೆಯುತ್ತಾರೆ. ಸೋಂಕಿನಿಂದ ಹಾಗಾಗುವುದು ನಿಜ. ಆದರೆ ದೇಹದಲ್ಲಿ ನೀರು ಅಥವಾ ಸೋಡಿಯಂ ಕಡಿಮೆಯಾಗುವುದು, ಸಕ್ಕರೆ ಏರುಪೇರು, ಮಲಬದ್ಧತೆ, ನ್ಯುಮೋನಿಯಾ, ಹೊಸದಾಗಿ ಸೇರಿಸಿದ ನಿದ್ದೆಯ ಮಾತ್ರೆ ಇವುಗಳಿಂದಲೂ ಅದೇ ಸ್ಥಿತಿ ಬರುತ್ತದೆ. ಮೂತ್ರದಲ್ಲಿ ಬ್ಯಾಕ್ಟೀರಿಯಾ ಸಿಕ್ಕಿತೆಂದು ಅಲ್ಲಿಗೇ ಹುಡುಕಾಟ ನಿಲ್ಲಿಸಿದರೆ ನಿಜವಾದ ಕಾರಣ ಕೈತಪ್ಪುತ್ತದೆ.

ಕಲ್ಚರ್‌ಗೆ ಮೂತ್ರವನ್ನು ಆ್ಯಂಟಿಬಯಾಟಿಕ್‌ನ ಮೊದಲ ಮಾತ್ರೆಗೂ ಮುಂಚೆ ಕೊಡಬೇಕು. ಒಂದು ಮಾತ್ರೆ ನುಂಗಿದರೂ ವರದಿ ದಾರಿ ತಪ್ಪಿಸಬಹುದು. ಮೂತ್ರ ಹಿಡಿಯುವ ಕ್ರಮವನ್ನು ಕಲಿತುಕೊಳ್ಳುವುದು ಅಗತ್ಯ. ಜನನಾಂಗದ ಸುತ್ತ ನೀರಿನಿಂದ ಮುಂದಿನಿಂದ ಹಿಂದಕ್ಕೆ ತೊಳೆದು, ಹೆಂಗಸರಾದರೆ ಯೋನಿಯ ತುಟಿಗಳನ್ನು ಬಿಡಿಸಿ ಹಿಡಿದು, ಮೊದಲ ಸ್ವಲ್ಪ ಮೂತ್ರವನ್ನು ಹೊರಗೆ ಬಿಟ್ಟು, ನಡುವಿನ ಧಾರೆಯನ್ನು ಮಾತ್ರ ಪ್ರಯೋಗಾಲಯದವರು ಕೊಟ್ಟ ಶುದ್ಧ ಡಬ್ಬಿಯಲ್ಲಿ, ಅದರ ಒಳಭಾಗವನ್ನು ಮುಟ್ಟದೆ ಹಿಡಿಯಬೇಕು. ನಡುಗುವ ಕೈಯಿಂದ ಇದು ಒಬ್ಬರಿಂದಲೇ ಆಗುವ ಕೆಲಸವಲ್ಲ. ಸಂಕೋಚಪಡುವ ಅಪ್ಪ ಅಮ್ಮನಿಗೆ ಮೊದಲೇ ಮೆತ್ತಗೆ ವಿವರಿಸಿ ಪಕ್ಕದಲ್ಲಿ ನಿಂತು ನೆರವಾಗಬೇಕು. ಡಬ್ಬಿ 2 ಗಂಟೆಯೊಳಗೆ ಪ್ರಯೋಗಾಲಯ ಸೇರಬೇಕು. ಆಗದಿದ್ದರೆ ಫ್ರಿಜ್‌ನಲ್ಲಿಟ್ಟು 24 ಗಂಟೆಯೊಳಗೆ ತಲುಪಿಸಬೇಕು. ವರದಿಯಲ್ಲಿ ಹಲವು ಬಗೆಯ ಬ್ಯಾಕ್ಟೀರಿಯಾಗಳ ಮಿಶ್ರಣವೆಂದು ಬಂದರೆ ಚರ್ಮದ ಮೇಲಿನವು ಬೆರೆತಿರುವ ಸಾಧ್ಯತೆ ಹೆಚ್ಚು. ಅದನ್ನು ನಂಬಿ ಔಷಧಿ ಬದಲಿಸುವುದಕ್ಕಿಂತ ಮತ್ತೊಮ್ಮೆ ಸರಿಯಾಗಿ ಹಿಡಿದು ಕೊಡುವುದು ಮೇಲು. ಹಳೆಯ ಕಲ್ಚರ್ ವರದಿಗಳನ್ನೆಲ್ಲ ದಿನಾಂಕದ ಕ್ರಮದಲ್ಲಿ ಜೋಡಿಸಿಡಿ. ಯಾವ ಔಷಧಿ ಹಿಂದೆ ಕೆಲಸ ಮಾಡಲಿಲ್ಲ ಎಂಬುದು ಅವುಗಳಿಂದಲೇ ಗೊತ್ತಾಗುತ್ತದೆ.

ಇನ್ನು ಮಾತ್ರೆಗಳ ವಿಷಯ. ಹೆಚ್ಚು ಎಚ್ಚರ ಬೇಕಾದದ್ದು ಇಲ್ಲಿಯೇ. ಮೂತ್ರಕೋಶ ಪೂರ್ತಿ ಖಾಲಿಯಾಗದೆ ಉಳಿದ ಮೂತ್ರದಲ್ಲಿ ಬ್ಯಾಕ್ಟೀರಿಯಾಗಳು ಬೆಳೆಯುತ್ತವೆ. ಖಿನ್ನತೆಗೆ, ನರದ ನೋವಿಗೆ ಕೊಡುವ ಅಮಿಟ್ರಿಪ್ಟಿಲಿನ್, ಕ್ಲೋರ್‌ಫೆನಿರಮೈನ್ ಇರುವ ನೆಗಡಿಯ ಮಾತ್ರೆಗಳು, ಅವಸರದ ಮೂತ್ರಕ್ಕೆ ಕೊಡುವ ಆಕ್ಸಿಬ್ಯುಟಿನಿನ್ ಇವು ಹಾಗೆ ಮೂತ್ರ ಒಳಗೇ ಉಳಿಯುವಂತೆ ಮಾಡಬಲ್ಲವು. ಸಕ್ಕರೆ ಕಾಯಿಲೆಗೆ, ಹೃದಯಕ್ಕೆ ಕೊಡುವ ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಸಕ್ಕರೆಯನ್ನು ಮೂತ್ರದ ಮೂಲಕ ಹೊರಹಾಕುವುದರಿಂದ ಜನನಾಂಗದ ಫಂಗಸ್ ಸೋಂಕು ಹೆಚ್ಚುತ್ತದೆ. ಆ ಉರಿ, ತುರಿಕೆಯನ್ನು ಮೂತ್ರದ ಸೋಂಕೆಂದು ತಪ್ಪಾಗಿ ತಿಳಿದು ಆ್ಯಂಟಿಬಯಾಟಿಕ್ ಕೊಟ್ಟರೆ ಫಂಗಸ್ ಮತ್ತಷ್ಟು ಬೆಳೆಯುತ್ತದೆ. ಹಾಗೆಂದು ಇವುಗಳಲ್ಲಿ ಯಾವುದನ್ನೂ ನಾವಾಗಿಯೇ ನಿಲ್ಲಿಸಬಾರದು. ಬದಲಿ ಇದೆಯೇ, ಪ್ರಮಾಣ ತಗ್ಗಿಸಬಹುದೇ ಎಂದು ಬರೆದುಕೊಟ್ಟ ವೈದ್ಯರನ್ನೇ ಕೇಳಬೇಕು.

ಸೋಂಕಿಗೆ ಬರೆಯುವ ಔಷಧಿಯ ಕಡೆಯಿಂದಲೂ ನೋಡೋಣ. ಟ್ರೈಮೆಥೋಪ್ರಿಮ್ ಎಂಬ ಆ್ಯಂಟಿಬಯಾಟಿಕ್ ಇರುವ ಮಾತ್ರೆಯು ಬಿಪಿ, ಹೃದಯಕ್ಕೆ ಕೊಡುವ ರಾಮಿಪ್ರಿಲ್, ಟೆಲ್ಮಿಸಾರ್ಟಾನ್, ಲೋಸಾರ್ಟಾನ್, ಸ್ಪೈರೊನೊಲ್ಯಾಕ್ಟೋನ್‌ಗಳ ಜೊತೆ ಸೇರಿದರೆ ರಕ್ತದಲ್ಲಿ ಪೊಟ್ಯಾಸಿಯಂ ಅಪಾಯಕರ ಮಟ್ಟಕ್ಕೆ ಏರಬಹುದು. ಸಂಧಿವಾತ ಮುಂತಾದವುಗಳಿಗೆ ಮೆಥೊಟ್ರೆಕ್ಸೇಟ್ ತೆಗೆದುಕೊಳ್ಳುವವರಿಗೆ ಟ್ರೈಮೆಥೋಪ್ರಿಮ್ ಕೊಡುವುದು ಮೂಳೆಯ ಮಜ್ಜೆಗೆ ಹಾನಿ ಮಾಡಬಲ್ಲುದು. ಟ್ರೈಮೆಥೋಪ್ರಿಮ್ ಮತ್ತು ಸಲ್ಫಾ ಕೂಡಿದ ಮಾತ್ರೆಯೂ ಸಿಪ್ರೊಫ್ಲಾಕ್ಸಸಿನ್ ಕೂಡ ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್‌ನ ಪರಿಣಾಮವನ್ನು ಹೆಚ್ಚಿಸಿ ರಕ್ತಸ್ರಾವಕ್ಕೆ ಕಾರಣವಾಗಬಲ್ಲವು. ಆದ್ದರಿಂದ ಕೋರ್ಸ್ ಆರಂಭವಾದ ಕೆಲವೇ ದಿನಗಳಲ್ಲಿ, ರಕ್ತ ಹೆಪ್ಪುಗಟ್ಟಲು ಎಷ್ಟು ಸಮಯ ಬೇಕೆಂದು ತೋರಿಸುವ ಐಎನ್‌ಆರ್ ಪರೀಕ್ಷೆ ಬೇಕೇ ಎಂದು ಕೇಳಿಕೊಳ್ಳಿ. ಸಕ್ಕರೆ ಕಾಯಿಲೆಯ ಗ್ಲಿಮೆಪಿರೈಡ್‌ನಂಥ ಮಾತ್ರೆ ನುಂಗುವವರಲ್ಲಿ ಇವೇ ಔಷಧಿಗಳು ಸಕ್ಕರೆಯನ್ನು ತೀರಾ ಇಳಿಸಬಹುದು. ಸಿಪ್ರೊಫ್ಲಾಕ್ಸಸಿನ್ ಅನ್ನು ಸ್ನಾಯು ಸಡಿಲಿಸುವ ಟಿಜಾನಿಡಿನ್ ಜೊತೆ ಕೊಡಲೇಬಾರದು. ಸ್ಟಿರಾಯ್ಡ್ ತೆಗೆದುಕೊಳ್ಳುವ ವೃದ್ಧರಲ್ಲಿ ಸಿಪ್ರೊಫ್ಲಾಕ್ಸಸಿನ್‌ನಿಂದ ಹಿಮ್ಮಡಿಯ ಮೇಲಿನ ಸ್ನಾಯುರಜ್ಜು ಹರಿಯುವ ಭಯವೂ ಇದೆ. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆ, ಆ್ಯಂಟಾಸಿಡ್‌ಗಳ ಜೊತೆಗೆ ನುಂಗಿದರೆ ಅದು ರಕ್ತಕ್ಕೆ ಸರಿಯಾಗಿ ಸೇರುವುದಿಲ್ಲ. ನೈಟ್ರೊಫ್ಯುರಂಟಾಯಿನ್ ಮೂತ್ರಕೋಶದ ಸೋಂಕಿಗೆ ಒಳ್ಳೆಯ ಔಷಧಿ, ಆದರೆ ಕಿಡ್ನಿಯ ಕಾರ್ಯ ತೀರಾ ತಗ್ಗಿದ್ದರೆ ಫಲ ಕೊಡದು. ತಿಂಗಳುಗಟ್ಟಲೆ ತೆಗೆದುಕೊಂಡರೆ ಶ್ವಾಸಕೋಶ, ಯಕೃತ್ತು, ನರಗಳ ಮೇಲೆ ನಿಗಾ ಬೇಕು. ಹೀಗಾಗಿ ಕಿಡ್ನಿಯ ಕಾರ್ಯ ತಿಳಿಸುವ ಇತ್ತೀಚಿನ ಕ್ರಿಯಾಟಿನಿನ್ ಮತ್ತು ಇಜಿಎಫ್‌ಆರ್ ವರದಿಯೂ ಮಾತ್ರೆಗಳ ಪಟ್ಟಿಯ ಜೊತೆಗಿರಲಿ. ಕಣ್ಣಿನ ಹನಿ, ಆಯುರ್ವೇದದ ಚೂರ್ಣ, ಅಂಗಡಿಯಲ್ಲಿ ಕೇಳಿ ತಂದ ನೋವಿನ ಮಾತ್ರೆ ಯಾವುದನ್ನೂ ಪಟ್ಟಿಯಿಂದ ಬಿಡಬಾರದು.

ಔಷಧಿಯ ಜೊತೆಯಲ್ಲೇ ಸೋಂಕು ಮರಳುವುದೇಕೆಂದು ಹುಡುಕಬೇಕು. ಮೂತ್ರ ಮಾಡಿದ ಬಳಿಕ ಎಷ್ಟು ಉಳಿದಿದೆಯೆಂದು ಅಲ್ಟ್ರಾಸೌಂಡ್‌ನಲ್ಲಿ ಅಳೆಯಬಹುದು. ಗಂಡಸರಲ್ಲಿ ಪ್ರಾಸ್ಟೇಟ್ ಊದಿರುವುದು, ಹೆಂಗಸರಲ್ಲಿ ಗರ್ಭಕೋಶ ಜಾರಿರುವುದು, ಕಲ್ಲು, ಹಿಡಿತಕ್ಕೆ ಬಾರದ ಸಕ್ಕರೆ, ದೀರ್ಘಕಾಲದ ಮಲಬದ್ಧತೆ ಇವೆಲ್ಲ ಪರೀಕ್ಷಿಸಬೇಕಾದ ಕಾರಣಗಳು. ಮುಟ್ಟು ನಿಂತ ಹೆಂಗಸರಿಗೆ ಯೋನಿಯೊಳಗೆ ಹಚ್ಚುವ ಈಸ್ಟ್ರೋಜನ್ ಕ್ರೀಮ್ ಸೋಂಕು ಮರಳುವುದನ್ನು ಕಡಿಮೆ ಮಾಡುತ್ತದೆ. ಸಂಕೋಚದಿಂದ ಯಾರೂ ಎತ್ತದ ಈ ಮಾತನ್ನು ಮಗಳೋ ಸೊಸೆಯೋ ವೈದ್ಯರ ಬಳಿ ಎತ್ತಬೇಕು. ಸ್ತನ ಕ್ಯಾನ್ಸರ್ ಬಂದಿದ್ದವರು ಅದನ್ನು ಮೊದಲೇ ತಿಳಿಸಬೇಕು. ದೀರ್ಘಾವಧಿಯ ಆ್ಯಂಟಿಬಯಾಟಿಕ್ ಬದಲಿಗೆ ಮೆಥೆನಮೈನ್ ಹಿಪ್ಪುರೇಟ್ ಎಂಬ ಮಾತ್ರೆಯನ್ನು ಕೆಲವರಿಗೆ ಕೊಡಬಹುದು. 2022ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನವೊಂದರಲ್ಲಿ ಇದು ಹೆಂಗಸರಲ್ಲಿ ನಿತ್ಯದ ಆ್ಯಂಟಿಬಯಾಟಿಕ್‌ಗಿಂತ ತೀರಾ ಹಿಂದೆ ಬೀಳಲಿಲ್ಲ. ಮೂತ್ರ ಆಮ್ಲೀಯವಾಗಿದ್ದರೆ ಮಾತ್ರ ಅದು ಕೆಲಸ ಮಾಡುವುದರಿಂದ, ಉರಿ ಶಮನಕ್ಕೆಂದು ಕುಡಿಯುವ, ಮೂತ್ರವನ್ನು ಕ್ಷಾರೀಯಗೊಳಿಸುವ ಸಿರಪ್ಪನ್ನು ಜೊತೆಗೆ ಕೊಡಬಾರದು.

ನೀರು ಕುಡಿಸುವುದು ಒಳ್ಳೆಯದೇ. ಮೂತ್ರ ಹೆಚ್ಚಿಸುವ ‘ನೀರಿನ ಮಾತ್ರೆ’ ನುಂಗುವವರು ಶೌಚಾಲಯಕ್ಕೆ ಓಡಬೇಕಾದೀತೆಂದು ಕುಡಿಯುವುದನ್ನೇ ಕಡಿಮೆ ಮಾಡಿಬಿಡುತ್ತಾರೆ. ಅಂಥವರಿಗೆ ಹಗಲಿನಲ್ಲಿ ಸ್ವಲ್ಪ ಸ್ವಲ್ಪವಾಗಿ ಕೊಟ್ಟು ಸಂಜೆಯ ಮೇಲೆ ತಗ್ಗಿಸಬಹುದು. ಹೃದಯ ವೈಫಲ್ಯ ಅಥವಾ ಕಿಡ್ನಿ ಕಾಯಿಲೆಯಿಂದ ನೀರಿಗೆ ಮಿತಿ ಇರುವವರಿಗೆ ಎಷ್ಟು ಕೊಡಬೇಕೆಂಬುದನ್ನು ವೈದ್ಯರೇ ಹೇಳಬೇಕು. ಡೈಪರ್ ಒದ್ದೆಯಾದ ಕೂಡಲೇ ಬದಲಿಸಿ. ಕ್ಯಾಥೆಟರ್ (ಮೂತ್ರ ಹೊರಬರಲು ಹಾಕಿದ ನಳಿಕೆ) ಇದ್ದರೆ ಅದರ ಚೀಲ ಸದಾ ಮೂತ್ರಕೋಶಕ್ಕಿಂತ ಕೆಳಗಿರಲಿ, ಪರೀಕ್ಷೆಗೆ ಚೀಲದಲ್ಲಿ ಸಂಗ್ರಹವಾದ ಮೂತ್ರವನ್ನು ಎಂದೂ ಕೊಡಬೇಡಿ, ಕ್ಯಾಥೆಟರ್ ಇನ್ನೂ ಬೇಕೇ ಎಂದು ಪ್ರತಿ ಭೇಟಿಯಲ್ಲೂ ಕೇಳಿ.

ನಡುಕದೊಂದಿಗೆ ಜ್ವರ, ಸೊಂಟದ ಮೇಲ್ಭಾಗದಲ್ಲಿ ಒಂದು ಪಕ್ಕದ ನೋವು, ವಾಂತಿಯಾಗಿ ಮಾತ್ರೆ ನಿಲ್ಲದಿರುವುದು, ವೇಗದ ಉಸಿರಾಟ, ಬಿಪಿ ಇಳಿಯುವುದು, ಮೂತ್ರವೇ ಬಾರದಿರುವುದು, ದಿಢೀರ್ ಗೊಂದಲ ಇವುಗಳಲ್ಲಿ ಯಾವುದೇ ಕಂಡರೂ ಕಲ್ಚರ್ ವರದಿಗೆ ಕಾಯದೆ ಅಂದೇ ಆಸ್ಪತ್ರೆಗೆ ಕರೆದೊಯ್ಯಬೇಕು. ವಯಸ್ಸಾದವರಲ್ಲಿ ಸೋಂಕು ರಕ್ತಕ್ಕೆ ಹರಡಿದಾಗಲೂ ಕೆಲವೊಮ್ಮೆ ಜ್ವರ ಬಾರದಿರುವುದರಿಂದ, ಮೈ ಬಿಸಿಯಿಲ್ಲವೆಂದು ಸಮಾಧಾನ ಪಡುವಂತಿಲ್ಲ.

ಔಷಧಿ ಆರಂಭಿಸಿ ಎರಡು ಮೂರು ದಿನಗಳಾದರೂ ಲಕ್ಷಣ ತಗ್ಗದಿದ್ದರೆ ಕಲ್ಚರ್ ವರದಿಯೊಂದಿಗೆ ವೈದ್ಯರನ್ನು ಮತ್ತೆ ಕಾಣಬೇಕು. ಅದೇ ಉರಿ ನಿಂತು, ಊಟ ನಿದ್ದೆ ಎಂದಿನಂತಾಗಿದ್ದರೆ, ವಾಸಿಯಾಯಿತೇ ಎಂದು ಖಚಿತಪಡಿಸಿಕೊಳ್ಳಲು ಮತ್ತೊಂದು ಕಲ್ಚರ್ ಮಾಡಿಸುವ ಅಗತ್ಯ ಸಾಮಾನ್ಯವಾಗಿ ಇರುವುದಿಲ್ಲ.