ಶಿಮ್ ಬದಲಿಸಿ ಕ್ರೌನ್-ಪಿನಿಯನ್ ಕೂಗು ನಿಲ್ಲಿಸಿದ ನನ್ನ ಅನುಭವ

ಸಕಲೇಶಪುರದ ಬಳಿಯ ಕಾಫಿ ತೋಟವೊಂದರ ಹಳೆಯ ಡೀಸೆಲ್ ಜೀಪು ಹಿಂದಿನ ಹೌಸಿಂಗ್ (ಹಿಂದಿನ ಆಕ್ಸಲಿನ ಗೇರುಗಳಿರುವ ಕವಚ) ಕೂಗುತ್ತದೆಂದು ನನ್ನ ಗ್ಯಾರೇಜಿಗೆ ಬಂದಾಗ, ಅದರೊಳಗಿನ ಕ್ರೌನ್-ಪಿನಿಯನ್ ಜೋಡಿ (ದೊಡ್ಡ ಹಲ್ಲುಚಕ್ರ ಕ್ರೌನ್, ಅದನ್ನು ತಿರುಗಿಸುವ ಚಿಕ್ಕದು ಪಿನಿಯನ್) ಹೊಸದೇ ಆಗಿತ್ತು, ಐನೂರು ಕಿಲೋಮೀಟರೂ ಓಡಿರಲಿಲ್ಲ. ಬೇರೆಡೆ ಜೋಡಿ ಬದಲಾಯಿಸಿದವರು ಹಳೆಯ ಶಿಮ್‌ಗಳನ್ನೇ (ಗೇರುಗಳ ಸ್ಥಾನ ಹೊಂದಿಸುವ ತೆಳು ಲೋಹದ ಬಿಲ್ಲೆಗಳು) ಹಾಕಿ ಮುಚ್ಚಿದ್ದರು. ಒಮ್ಮೆ ಕೂಗಿದ ಜೋಡಿ ಸುಮ್ಮನಾಗುವುದಿಲ್ಲ, ಇನ್ನೊಂದು ಹಾಕಿಸಿ ಎಂದು ನಾನು ಕೇಳಿದ ಮೇಸ್ತ್ರಿಗಳೆಲ್ಲರೂ ಹೇಳಿದರು. ಅದಕ್ಕೆ ಆಗ ಹತ್ತು ಸಾವಿರದ ಆಸುಪಾಸು ಬೆಲೆಯಿತ್ತು. ಹಲ್ಲುಗಳ ಮೇಲೆ ಗಾಯವಿಲ್ಲದ್ದನ್ನು ನೋಡಿ, ಅದೇ ಜೋಡಿಯನ್ನು ಸರಿಪಡಿಸುತ್ತೇನೆಂದು ಮಾಲೀಕರಿಗೆ ಮಾತು ಕೊಟ್ಟೆ.

ಡಯಲ್ ಗೇಜಿನಲ್ಲಿ ಬ್ಯಾಕ್‌ಲ್ಯಾಶ್ (ಹಲ್ಲುಗಳ ನಡುವಿನ ಆಟ) 0.35 ಮಿ.ಮೀ. ಬಂತು. ಕ್ರೌನನ್ನು ಪಿನಿಯನ್ ಕಡೆಗೆ ಸರಿಸಿ 0.18ಕ್ಕೆ ತಂದು, ಕೆಲಸ ಮುಗಿಯಿತೆಂದುಕೊಂಡೆ. ರಸ್ತೆಗಿಳಿಸಿದರೆ ಐವತ್ತರ ವೇಗದಲ್ಲಿ ಕೂಗು ಮೊದಲಿಗಿಂತ ಜೋರಾಗಿತ್ತು. ಬಿಚ್ಚಿ ಹಲ್ಲುಗಳಿಗೆ ಬಣ್ಣ ಹಚ್ಚಿ ತಿರುಗಿಸಿದಾಗ, ಅವು ಒಂದಕ್ಕೊಂದು ತಾಗುವ ಗುರುತು ಚೆನ್ನಾಗಿಯೇ ಕಂಡಿತು. ಆದರೆ ಕೈಯಲ್ಲಿ ಸಡಿಲವಾಗಿ ತಿರುಗಿಸಿದ ಗುರುತನ್ನು ನಂಬಿದ್ದು ನನ್ನ ದೊಡ್ಡ ತಪ್ಪು. ಕ್ರೌನಿಗೆ ಮರದ ತುಂಡು ಒತ್ತಿ ಹಿಡಿದು, ಭಾರ ಕೊಟ್ಟು ಪಿನಿಯನ್ ತಿರುಗಿಸಿದಾಗ ನಿಜ ತಿಳಿಯಿತು: ಗುರುತು ಹಲ್ಲಿನ ತಲೆಯ ಅಂಚಿನಲ್ಲಿ, ಒಳತುದಿಗೆ ಸರಿದು ಬಿದ್ದಿತ್ತು. ಪಿನಿಯನ್ ಕ್ರೌನಿನತ್ತ ಸಾಕಷ್ಟು ಆಳಕ್ಕೆ ಹೋಗಿರಲಿಲ್ಲ, ನಾನು ಕ್ರೌನನ್ನು ಮಾತ್ರ ಸರಿಸಿ ಆ ದೋಷವನ್ನು ಮುಚ್ಚಿದ್ದೆ.

ಈ ಹೌಸಿಂಗಿನಲ್ಲಿ ಕ್ರೌನನ್ನು ಸರಿಸಲು ತಿರುಗಿಸುವ ಸೈಡ್ ನಟ್ ಇಲ್ಲ, ಎಲ್ಲವೂ ಶಿಮ್. ಅದನ್ನು ಬದಲಿಸಲು ಪ್ರತಿ ಬಾರಿ ಪುಲ್ಲರ್ ಹಾಕಿ ಬೇರಿಂಗ್ ಕೀಳಬೇಕು; ಹಾಗೆ ಕೀಳುವಾಗ ಒಟ್ಟು ಎರಡು ಬೇರಿಂಗುಗಳ ಕೇಜ್ (ರೋಲರುಗಳನ್ನು ಹಿಡಿದಿಡುವ ಚೌಕಟ್ಟು) ಮುರಿದು, ನೆನಪಿನಂತೆ ಎರಡು ಸಾವಿರ ರೂಪಾಯಿ ನನ್ನ ಕೈಯಿಂದ ಹೋಯಿತು. ಆಗ ಹಳೆಯ ಬೇರಿಂಗುಗಳ ಒಳಮೈಯನ್ನು ಎಮರಿ ಬಟ್ಟೆಯಿಂದ, ಪಿನಿಯನ್ ಬೇರಿಂಗಿನ ಕಪ್ಪಿನ (ಹೊರ ಉಂಗುರದ) ಹೊರಮೈಯನ್ನು ಗ್ರೈಂಡರಿನಲ್ಲಿ ಸವೆಸಿ, ಕೈಯಲ್ಲೇ ಜಾರಿ ಕೂರುವಂತೆ ಮಾಡಿಕೊಂಡೆ. ಅಲ್ಲಿಂದ ಒಂದು ಶಿಮ್ ಬದಲಿಸಲು ಇಪ್ಪತ್ತು ನಿಮಿಷ ಸಾಕಾಯಿತು.

ಒಳಗಿನ ಕಪ್ಪಿನ ಹಿಂದೆ 0.30 ಮಿ.ಮೀ. ಶಿಮ್ ಸೇರಿಸಿದಾಗ ಗುರುತು ಹಲ್ಲಿನ ಬುಡಕ್ಕೆ ಇಳಿಯಿತು, 0.20ಕ್ಕೆ ತಂದಾಗ ನಡುವಿಗೆ ಬಂತು. ಅಲ್ಲಿ ಸೇರಿಸಿದಷ್ಟನ್ನು ಹೊರ ಬೇರಿಂಗಿನ ಪ್ರೀಲೋಡ್ (ಬಿಗಿ ಹೊಂದಿಸುವ) ಶಿಮ್‌ಗೂ ಸೇರಿಸದಿದ್ದರೆ ಬೇರಿಂಗ್ ಬಿಗಿದು ಕಾಯುತ್ತದೆ. ಪಿನಿಯನ್ ಆಳಕ್ಕೆ ಹೋದಂತೆ ಆಟ ತೀರಾ ಕಡಿಮೆಯಾಗಿದ್ದರಿಂದ, ಕ್ರೌನಿನ ಬೆನ್ನಿನ ಕಡೆಯ ಶಿಮ್ ತೆಗೆದು ಎದುರು ಬದಿಗೆ ಹಾಕಿದೆ. ಒಟ್ಟು ದಪ್ಪ ಬದಲಾಗದ ಕಾರಣ ಸೈಡ್ ಬೇರಿಂಗಿನ ಬಿಗಿ ಹಾಗೆಯೇ ಉಳಿಯಿತು. ಕ್ರೌನನ್ನು 0.10 ಸರಿಸಿದರೆ ಬ್ಯಾಕ್‌ಲ್ಯಾಶ್ ಸುಮಾರು 0.07 ಬದಲಾಗುತ್ತದೆಂಬ ಲೆಕ್ಕ ನನ್ನ ಕೈಯಲ್ಲಿ ಸರಿಯಾಗಿಯೇ ಬಂತು. ಕೊನೆಗೆ ನಾಲ್ಕು ಕಡೆ ಅಳೆದಾಗ 0.16ರಿಂದ 0.19ರೊಳಗೆ ನಿಂತಿತು. ಸವೆಸಿದ ಬೇರಿಂಗುಗಳನ್ನು ತೆಗೆದು ಹೊಸ ಬೇರಿಂಗ್ ಒತ್ತಿದ ಮೇಲೆ ಮತ್ತೊಮ್ಮೆ ಗುರುತು ತೆಗೆಯಲೇಬೇಕು, ಏಕೆಂದರೆ ಬೇರಿಂಗಿನ ದಪ್ಪಗಳು ಕೂದಲೆಳೆಯಷ್ಟು ಬೇರೆಯಿರಬಹುದು.

ಬಣ್ಣಕ್ಕಾಗಿ ಹರಳೆಣ್ಣೆಯಲ್ಲಿ ಕುಂಕುಮ ಕಲಸಿಯೂ ನೋಡಿದ್ದೆ; ಅದು ಹರಿದುಹೋಗುತ್ತದೆ, ಅಂಚು ಸ್ಪಷ್ಟವಾಗುವುದಿಲ್ಲ. ಹಲ್ಲುಗಳ ನಡುವೆ ಸೋಲ್ಡರ್ ತಂತಿ ಚಪ್ಪಟೆ ಮಾಡಿ ಮೈಕ್ರೋಮೀಟರಿನಲ್ಲಿ ಅಳೆದಾಗ ಪ್ರತಿ ಸಲವೂ ಬೇರೆ ಅಂಕಿ ಬಂತು. ಈಗ ಬಳಸುವ ಲೇಪವನ್ನು ಗ್ರೀಸಿನಲ್ಲಿ ನಾನೇ ಕಲಸಿಕೊಳ್ಳುತ್ತೇನೆ. ಅದರ ಪ್ರಮಾಣ ನನ್ನಲ್ಲೇ ಇರಲಿ.

ಭಾರ ತುಂಬಿ ಶಿರಾಡಿ ಘಾಟಿಯನ್ನು ಇಳಿದು ಹತ್ತಿದೆವು. ಎಳೆಯುವಾಗಲೂ, ಇಳಿಜಾರಿನಲ್ಲಿ ಕಾಲು ತೆಗೆದಾಗಲೂ ಹೌಸಿಂಗ್ ಕೂಗಲಿಲ್ಲ. ಐದು ದಿನದ ಕೆಲಸಕ್ಕೆ ಮೂರು ಸಾವಿರ ಕೂಲಿ ಪಡೆದೆ, ಮುರಿದ ಬೇರಿಂಗುಗಳನ್ನು ಕಳೆದರೆ ಉಳಿದದ್ದು ಸಾವಿರ. ಹನ್ನೆರಡು ಸಾವಿರ ಕಿಲೋಮೀಟರ್ ಕಳೆದ ಮೇಲೆ ಎಣ್ಣೆ ಬದಲಿಸಲು ಕವರ್ ತೆಗೆದಾಗ ಲೋಹದ ಪುಡಿ ಇರಲಿಲ್ಲ, ಗೇಜು 0.19 ತೋರಿಸಿತು. ಆ ಜೋಡಿಯನ್ನು ಗುಜರಿಗೆ ಹಾಕಿ ಎಂದಿದ್ದ ಮೇಸ್ತ್ರಿಗಳಲ್ಲಿ ಇಬ್ಬರು ಈಗ ತಮ್ಮ ಹೌಸಿಂಗುಗಳನ್ನು ನನ್ನಲ್ಲಿಗೇ ತರುತ್ತಿದ್ದಾರೆ.